ಮದ್ದಿನ ಮೇಲಿನ ಅಪನಂಬಿಕೆ: ಗದಗ ಸೀಮೆಯಲ್ಲಿ ಮನೋರೋಗ ಚಿಕಿತ್ಸೆಯ ಚರಿತ್ರೆ

ಮದ್ದು ಎಂದರೆ ಕನ್ನಡದಲ್ಲಿ ಔಷಧ. ಆಗದವರು ಊಟದಲ್ಲಿ ಬೆರೆಸಿ ತಿನ್ನಿಸುವ ಕೆಡುಕಿಗೂ ಅದೇ ಹೆಸರು. ಗದಗ ಸೀಮೆಯ ಹಳ್ಳಿಗಳಲ್ಲಿ ಚೆನ್ನಾಗಿದ್ದ ಮನುಷ್ಯ ಊಟ ಬಿಟ್ಟು, ಮಾತು ಬಿಟ್ಟು ಮಂಕಾಗಿ ಕುಳಿತರೆ ‘ಯಾರೋ ಮದ್ದು ಹಾಕ್ಯಾರ’ ಎನ್ನುವುದು ಹಳೆಯ ಕಾಲದಿಂದ ಬಂದ ವಿವರಣೆ. ಅದೇ ಮನುಷ್ಯನನ್ನು ಮನೋವೈದ್ಯರ ಬಳಿಗೆ ಕರೆದೊಯ್ದು ಗುಳಿಗೆ ಕೊಡಿಸಿದಾಗಲೂ ಮನೆಯವರ ಅನುಮಾನ ಪೂರ್ತಿ ಹೋಗುವುದಿಲ್ಲ. ಗುಳಿಗೆ ತಲೆಯನ್ನು ಮಬ್ಬು ಮಾಡುತ್ತದೆ, ಒಮ್ಮೆ ಹಿಡಿದರೆ ಸಾಯುವ ತನಕ ಬಿಡುವುದಿಲ್ಲ, ಕಂಪನಿಯವರೂ ಡಾಕ್ಟರರೂ ಸೇರಿ ನಡೆಸುವ ವ್ಯಾಪಾರ ಇದು ಎಂಬ ಮೂರು ಮಾತುಗಳು ಕೋಟುಮಚಗಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಕಟ್ಟೆಗಳ ಮೇಲೆ ಕೇಳುತ್ತವೆ; ಲಂಡನ್, ನ್ಯೂಯಾರ್ಕ್‌ಗಳಲ್ಲೂ ಕೇಳುತ್ತವೆ. ಇವನ್ನು ಅಜ್ಞಾನದ ಮಾತುಗಳೆಂದು ತಳ್ಳಿಹಾಕುವುದು ಸುಲಭ, ಆದರೆ ತಪ್ಪು. ಇವುಗಳ ಹಿಂದೆ ಸುಮಾರು 180 ವರ್ಷಗಳ ಅನುಭವವಿದೆ.

ಕೋಟುಮಚಗಿ ಗದಗ ತಾಲ್ಲೂಕಿನ ಎರೆಭೂಮಿಯ ಊರು. 1012ರ ಕಲ್ಯಾಣ ಚಾಲುಕ್ಯರ ಕಾಲದ ಶಾಸನವೊಂದರಲ್ಲಿ ವ್ಯಾಕರಣ ಮತ್ತು ಮೀಮಾಂಸೆ ಕಲಿಸುವವರಿಗೆ ಭೂಮಿ ಬಿಟ್ಟ ಅಗ್ರಹಾರವಾಗಿ ಅದು ಕಾಣಿಸಿಕೊಳ್ಳುತ್ತದೆ. 1997ರಲ್ಲಿ ಗದಗ ಬೇರೆ ಜಿಲ್ಲೆಯಾಗುವ ತನಕ ಈ ಊರು ಧಾರವಾಡ ಜಿಲ್ಲೆಯಲ್ಲಿತ್ತು. ದೊಡ್ಡ ಕಚೇರಿಯ ಕೆಲಸಕ್ಕೆ, ದೊಡ್ಡ ಓದಿಗೆ ಇಲ್ಲಿನವರು ಧಾರವಾಡಕ್ಕೆ ಹೋಗುತ್ತಿದ್ದರು. ಬುದ್ಧಿ ಕೆಟ್ಟವರನ್ನು ಒಯ್ಯುತ್ತಿದ್ದುದೂ ಅಲ್ಲಿಗೇ.

ಧಾರವಾಡದ ದವಾಖಾನೆ ಹುಟ್ಟುವ ಮೊದಲು, ಹುಟ್ಟಿದ ಮೇಲೂ ಬಹುಕಾಲ, ಉಪಚಾರ ಊರಿನಲ್ಲೇ ಇತ್ತು. ಆಯುರ್ವೇದ ಉನ್ಮಾದವನ್ನು ಐದು ಬಗೆಯಾಗಿ ವಿಂಗಡಿಸಿತ್ತು. ವಾತ, ಪಿತ್ತ, ಕಫಗಳಿಂದ ಬಂದವು ಮೂರು, ಮೂರೂ ಒಟ್ಟಿಗೆ ಕೆರಳಿ ಬಂದದ್ದು ಒಂದು, ಹೊರಗಿನಿಂದ ಬಂದು ಸೇರಿದ್ದು ಒಂದು. ಕೊನೆಯದನ್ನೇ ಹಳ್ಳಿಯವರು ಗಾಳಿ, ಸೋಂಕು, ದೆವ್ವ ಎಂದರು. ವೈದ್ಯರು ಬ್ರಾಹ್ಮಿ, ಬಜೆ, ವರ್ಷಗಟ್ಟಲೆ ಇಟ್ಟ ಹಳೆಯ ತುಪ್ಪ ಬಳಸುತ್ತಿದ್ದರು. ಒಣಸೀಮೆಯಲ್ಲಿ ತಾನಾಗಿ ಬೆಳೆಯುವ ಅಶ್ವಗಂಧಕ್ಕೆ ಕನ್ನಡದಲ್ಲಿ ಹಿರೇಮದ್ದು ಎಂಬ ಹೆಸರೇ ಇದೆ. ಔಷಧಕ್ಕೆ ಬಗ್ಗದಿದ್ದರೆ ತಾಯತ, ದಾರ, ಅಂತ್ರ. ಅದಕ್ಕೂ ಬಗ್ಗದಿದ್ದರೆ ಗಾಣಗಾಪುರದ ದತ್ತನ ಸನ್ನಿಧಿ. ಅಲ್ಲಿ ಮಹಾಮಂಗಳಾರತಿಯ ಹೊತ್ತಿಗೆ ಸೋಂಕಿನವರು ಕಂಬ ಹತ್ತಿ ಕೂಗಾಡುವುದನ್ನು ಇಂದಿಗೂ ನೋಡಬಹುದು. ಹಳೆಯದೆಲ್ಲ ಮೃದುವಾಗಿತ್ತು ಎನ್ನಲಾಗದು. ರೋಗಿಯನ್ನು ಹೆದರಿಸುವುದು, ಕಟ್ಟಿಹಾಕುವುದು ಚರಕಸಂಹಿತೆಯಲ್ಲೂ ಉಪಾಯಗಳಾಗಿ ಬರುತ್ತವೆ. ಆದರೆ ಆ ಉಪಚಾರಗಳಿಗೆಲ್ಲ ಒಂದು ಅವಧಿ ಇತ್ತು. ಕಷಾಯವಾದರೆ 48 ದಿನದ ಮಂಡಲ, ಹರಕೆಯಾದರೆ ಐದು ಅಮಾವಾಸ್ಯೆ, ಪಥ್ಯವಾದರೆ ಇಂತಿಷ್ಟು ವಾರ. ಗುಣವಾಗಲಿ ಬಿಡಲಿ, ಮದ್ದು ಮುಗಿಯುವ ದಿನ ರೋಗಿಗೂ ಮನೆಯವರಿಗೂ ಮೊದಲೇ ಗೊತ್ತಿರುತ್ತಿತ್ತು.

ಧಾರವಾಡದಲ್ಲಿ ಹುಚ್ಚರ ಆಶ್ರಯ ತೆರೆದದ್ದು 1845ರಲ್ಲಿ, ಮುಂಬಯಿ ಪ್ರಾಂತ್ಯದ ಆಡಳಿತದಲ್ಲಿ. ಇಂದು ಅದು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಜನರ ಬಾಯಲ್ಲಿ ಡಿಮ್ಹಾನ್ಸ್. 1858ರ ಕಾಯ್ದೆಯ ಪ್ರಕಾರ ಬೀದಿಯಲ್ಲಿ ಅಲೆಯುವ ಹುಚ್ಚರನ್ನು ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಿತ್ತು; ವೈದ್ಯಾಧಿಕಾರಿಯ ಪ್ರಮಾಣಪತ್ರ ಸಿಕ್ಕರೆ ಮ್ಯಾಜಿಸ್ಟ್ರೇಟರು ಅವರನ್ನು ಒಳಗೆ ಕಳಿಸುತ್ತಿದ್ದರು. ಗದಗ ತಾಲ್ಲೂಕು ಈ ಕಾನೂನಿನ ಕೆಳಗಿತ್ತು. ಪಕ್ಕದ ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೂ ಸೇರಿದ್ದರಿಂದ ಅದರ ಹೊರಗಿದ್ದವು. ಈ ಕಾನೂನಿನಡಿ ಮನೋರೋಗಿ ಮೊದಲು ಕಂಡದ್ದು ಪೊಲೀಸರನ್ನು, ಆಮೇಲೆ ಡಾಕ್ಟರರನ್ನು. ಒಳಗೆ ಸಿಗುತ್ತಿದ್ದ ಔಷಧಗಳು ಅಫೀಮು, ಬ್ರೋಮೈಡ್, ಮುಂದೆ ಕ್ಲೋರಲ್ ಹೈಡ್ರೇಟ್, ಪ್ಯಾರಾಲ್ಡಿಹೈಡ್. ಇವು ಕಾಯಿಲೆಯನ್ನು ಮುಟ್ಟುತ್ತಿರಲಿಲ್ಲ, ರೋಗಿಯನ್ನು ಮಲಗಿಸುತ್ತಿದ್ದವು. ಮನಸ್ಸಿನ ಔಷಧವೆಂದರೆ ಗಲಾಟೆ ಅಡಗಿಸಲು ಕೊಡುವ ಮಂಪರು ಎಂಬ ತಿಳಿವಳಿಕೆ ಅಲ್ಲಿ ಹುಟ್ಟಿತು, ಮತ್ತು ಆ ಕಾಲಕ್ಕೆ ಅದು ನಿಜವೇ ಆಗಿತ್ತು.

ಔಷಧ, ವ್ಯಾಪಾರ, ಹುಚ್ಚು ಈ ಮೂರೂ ಒಂದೇ ವಿಚಾರಣೆಯಲ್ಲಿ ಎದುರುಬದುರಾದದ್ದು 1893–94ರ ಗಾಂಜಾ ಆಯೋಗದಲ್ಲಿ. ಗಾಂಜಾ ಸೇದಿದರೆ ಹುಚ್ಚು ಹಿಡಿಯುತ್ತದೆ, ಆಶ್ರಯಗಳು ಅಂಥವರಿಂದ ತುಂಬಿವೆ ಎಂಬ ದೂರು ಲಂಡನ್ನಿನ ಸಂಸತ್ತಿನ ತನಕ ಹೋಗಿತ್ತು. ಇತ್ತ ಗಾಂಜಾದ ಅಬಕಾರಿ ಸರ್ಕಾರಕ್ಕೆ ಆದಾಯದ ಬಾಬತ್ತು. ಆಯೋಗ 1,193 ಸಾಕ್ಷಿಗಳನ್ನು ಕೇಳಿತು. ಮುಂಬಯಿ ಪ್ರಾಂತ್ಯದ ಆಶ್ರಯಗಳನ್ನೂ ಸೇರಿಸಿಕೊಂಡು ದೇಶದ ಆಶ್ರಯಗಳ ದಾಖಲೆ ತರಿಸಿ, 1892ರಲ್ಲಿ ಸೇರಿದ 1,344 ರೋಗಿಗಳ ಪೈಕಿ ಗಾಂಜಾದಿಂದ ಕೆಟ್ಟವರೆಂದು ಬರೆದಿದ್ದ 222 ಜನರ ಹಿನ್ನೆಲೆಯನ್ನು ಒಂದೊಂದಾಗಿ ತನಿಖೆ ಮಾಡಿಸಿತು. ಕೊನೆಗೆ ಉಳಿದದ್ದು 98. ಅದರಲ್ಲೂ ಗಾಂಜಾವೊಂದೇ ಕಾರಣವೆನ್ನಬಹುದಾದವು 61. ಉಳಿದ ಕಡೆ ‘ಕಾರಣ’ ಎಂಬ ಅಂಕಣವನ್ನು ಪೊಲೀಸರು ಕೇಳಿದ್ದರ ಮೇಲೆ, ಇಲ್ಲವೇ ಗುಮಾಸ್ತರು ರೂಢಿಯಂತೆ ತುಂಬಿದ್ದರು. ಆ ಮದ್ದು ಹುಚ್ಚು ಹಿಡಿಸುತ್ತದೆ, ಈ ಮದ್ದು ಹುಚ್ಚು ಬಿಡಿಸುತ್ತದೆ ಎಂಬ ಮಾತುಗಳ ಹಿಂದಿನ ಅಂಕಿಗಳನ್ನು ಯಾರು, ಹೇಗೆ ಬರೆದರು ಎಂದು ಕೇಳುವ ಪದ್ಧತಿಗೆ ನಮ್ಮ ದೇಶದಲ್ಲಿ ಇಷ್ಟು ಹಳೆಯ ಮಾದರಿ ಇದೆ. ನೂರು ವರ್ಷದ ಮೇಲೆ ಔಷಧ ಕಂಪನಿಗಳ ಅಂಕಿಗಳ ಮುಂದೆ ಅದೇ ಪ್ರಶ್ನೆ ಎದ್ದಿತು.

1912ರಲ್ಲಿ ಹುಚ್ಚರ ಕುರಿತು ಹೊಸ ಕಾಯ್ದೆ ಬಂತು. 1920ರ ದಶಕದ ಆರಂಭದಲ್ಲಿ ಹುಚ್ಚರ ಆಶ್ರಯಗಳಿಗೆಲ್ಲ ಮಾನಸಿಕ ಆಸ್ಪತ್ರೆ ಎಂಬ ಹೆಸರಾಯಿತು. ಹೆಸರು ಬದಲಾದರೂ ಗೋಡೆಗಳು ಉಳಿದವು. ಮೈಸೂರು ಸಂಸ್ಥಾನದಲ್ಲಿ ಕತೆ ಸ್ವಲ್ಪ ಬೇರೆ ದಾರಿ ಹಿಡಿಯಿತು. ಬೆಂಗಳೂರಿನ ಹಳೆಯ ಆಶ್ರಯ 1937ರ ಹೊತ್ತಿಗೆ ಲಕ್ಕಸಂದ್ರದ ಬಯಲಿಗೆ ಬಂತು. ವೈದ್ಯರಾದ ಫ್ರಾಂಕ್ ನರೋನ್ಹಾ, ಎಂ.ವಿ. ಗೋವಿಂದಸ್ವಾಮಿ ಅದನ್ನು ಬೆಳೆಸಿದರು. ಯುರೋಪಿನಲ್ಲಿ ಹುಟ್ಟಿದ ಇನ್ಸುಲಿನ್ ಮಂಪರು, ಕಾರ್ಡಿಯಾಜೋಲ್ ಸೆಳವು, ಜನ ಕರೆಂಟ್ ಕೊಡುವುದು ಎನ್ನುವ ವಿದ್ಯುತ್ ಚಿಕಿತ್ಸೆ ಎಲ್ಲವೂ ಕೆಲವೇ ವರ್ಷಗಳಲ್ಲಿ ಅಲ್ಲಿಗೆ ತಲುಪಿದವು. 1944ರಲ್ಲಿ ಗೋವಿಂದಸ್ವಾಮಿ ಮತ್ತು ಬಿ.ಎನ್. ಬಾಲಕೃಷ್ಣರಾವ್ ಮಿದುಳಿನ ಮುಂಭಾಗದ ಶಸ್ತ್ರಚಿಕಿತ್ಸೆಯ ಕುರಿತು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಆ ಚಿಕಿತ್ಸೆಗಳಲ್ಲಿ ಹಲವು ಮುಂದೆ ಕೈಬಿಟ್ಟುಹೋದವು. ಆ ದಿನಗಳ ಭಯ ಮಾತ್ರ ಜನರ ನೆನಪಿನಲ್ಲಿ ಉಳಿಯಿತು.

ಈ ನಡುವೆ ನಮ್ಮ ನೆಲದ ಒಂದು ಬೇರು ಜಗತ್ತಿನ ಮನೋವೈದ್ಯದ ದಿಕ್ಕನ್ನು ತಿರುಗಿಸಿತು. ಸರ್ಪಗಂಧ, ಅಂದರೆ ಸೂತ್ರನಾಭಿ, ಮಲೆನಾಡಿನ ಕಾಡುಗಳಲ್ಲೂ ಬೆಳೆಯುವ ಗಿಡ. ಉತ್ತರ ಭಾರತದ ಹಳ್ಳಿಗಳಲ್ಲಿ ಅದು ಹುಚ್ಚಿನ ಔಷಧವೆಂದೇ ಹೆಸರಾಗಿತ್ತು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಇದು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಮದ್ದು ಎಂದು ಪ್ರಕಟಿಸಿದರು. ಅದೇ ಕಾಲಕ್ಕೆ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಮತ್ತು ರಫತ್ ಹುಸೇನ್ ಸಿದ್ದಿಕಿ ಬೇರಿನ ಕ್ಷಾರಗಳನ್ನು ಬೇರ್ಪಡಿಸುತ್ತಿದ್ದರು. 1934ರಲ್ಲಿ ಹಿಮಾಲಯ ಕಂಪನಿ ಈ ಬೇರಿನಿಂದ ‘ಸರ್ಪಿನಾ’ ಎಂಬ ಗುಳಿಗೆ ಮಾಡಿ ಮಾರಿತು. ಕಂಪನಿಯ ಕಾರ್ಖಾನೆ ಮುಂದೆ ಬೆಂಗಳೂರಿನ ಹೊರಗಿನ ಮಾಕಳಿಗೆ ಬಂತು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲ್ ರಕ್ತದೊತ್ತಡದ ಮೇಲೆ ಅದರ ಪರಿಣಾಮವನ್ನು ಬ್ರಿಟಿಷ್ ಪತ್ರಿಕೆಯಲ್ಲಿ ಬರೆದ ಮೇಲೆ ಪಶ್ಚಿಮದ ಕಣ್ಣು ಇತ್ತ ಹೊರಳಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಸೀಬಾ ಕಂಪನಿ ಬೇರಿನಿಂದ ರೆಸರ್ಪಿನ್ ತೆಗೆಯಿತು, ಮುಂದೆ ಅದನ್ನು ಸರ್ಪಾಸಿಲ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. 1954ರಲ್ಲಿ ನ್ಯೂಯಾರ್ಕಿನ ನೇಥನ್ ಕ್ಲೈನ್ ಆಸ್ಪತ್ರೆಯ ರೋಗಿಗಳ ಮೇಲೆ ಅದರ ಫಲಿತಾಂಶ ಪ್ರಕಟಿಸಿದರು. ಹಳ್ಳಿಯ ವೈದ್ಯರು ಪುಡಿ ಮಾಡಿ ಕೊಡುತ್ತಿದ್ದ ಬೇರು ಹೀಗೆ ಬಾಸೆಲ್‌ನ ಡಬ್ಬಿಯಲ್ಲಿ ಗುಳಿಗೆಯಾಗಿ ಹಿಂದಿರುಗಿತು.

ರೆಸರ್ಪಿನ್ ಬಹುಕಾಲ ಬಾಳಲಿಲ್ಲ. ರಕ್ತದೊತ್ತಡಕ್ಕೆ ಅದನ್ನು ತೆಗೆದುಕೊಂಡವರಲ್ಲಿ ಕೆಲವರು ಗಾಢವಾದ ಖಿನ್ನತೆಗೆ ಜಾರಿದರೆಂಬ ವರದಿಗಳು ಬಂದವು. ಅದು ಮಿದುಳಿನ ಕೆಲವು ರಾಸಾಯನಿಕಗಳನ್ನು ಬರಿದು ಮಾಡುತ್ತದೆ ಎಂದು ಪ್ರಯೋಗಗಳಲ್ಲಿ ತಿಳಿಯಿತು. ಹಾಗಿದ್ದರೆ ಖಿನ್ನತೆ ಎಂದರೆ ಆ ರಾಸಾಯನಿಕಗಳ ಕೊರತೆಯೇ ಎಂಬ ಊಹೆ ಅಲ್ಲಿಂದ ಬಲ ಪಡೆಯಿತು. 1980ರ ದಶಕದ ಕೊನೆಯಲ್ಲಿ ಫ್ಲುಕ್ಸೆಟಿನ್‌ನಂಥ ಔಷಧಗಳು ಬಂದಾಗ ಕಂಪನಿಗಳು ಈ ಊಹೆಯನ್ನು ಸಾಬೀತಾದ ಸತ್ಯದಂತೆ ಜಾಹೀರಾತು ಮಾಡಿದವು: ನಿಮ್ಮ ಮಿದುಳಿನಲ್ಲಿ ಸಿರೊಟೋನಿನ್ ಕಡಿಮೆಯಾಗಿದೆ, ಗುಳಿಗೆ ಅದನ್ನು ತುಂಬುತ್ತದೆ. ಅದಕ್ಕೆ ತಕ್ಕ ಪುರಾವೆ ಇಲ್ಲವೆಂದು 2022ರಲ್ಲಿ ಲಂಡನ್ನಿನ ಜೊವಾನಾ ಮಾನ್ಕ್ರೀಫ್ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿ ಬರೆದಾಗ ದೊಡ್ಡ ಗದ್ದಲವೆದ್ದಿತು. ಔಷಧ ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆ ಬೇರೆ, ಅದು ಏಕೆ ಕೆಲಸ ಮಾಡುತ್ತದೆ ಎಂದು ರೋಗಿಗೆ ಹೇಳಿದ ಕತೆ ನಿಜವೇ ಎಂಬ ಪ್ರಶ್ನೆ ಬೇರೆ. ಎರಡನೆಯದರಲ್ಲಿ ಮಾತು ತಪ್ಪಿದ್ದರಿಂದ ಮೊದಲನೆಯದರ ಮೇಲೂ ಜನರ ವಿಶ್ವಾಸ ಹೋಯಿತು.

ನಿಜವಾದ ತಿರುವು ತಂದದ್ದು ಕ್ಲೋರ್‌ಪ್ರೊಮಜಿನ್. 1950ರ ಡಿಸೆಂಬರಿನಲ್ಲಿ ಫ್ರಾನ್ಸಿನ ರೋನ್-ಪುಲಾಂಕ್ ಕಂಪನಿಯಲ್ಲಿ ತಯಾರಾದ ಈ ವಸ್ತುವನ್ನು 1952ರಲ್ಲಿ ಪ್ಯಾರಿಸ್ಸಿನ ಜಾನ್ ಡಿಲೇ ಮತ್ತು ಪಿಯರ್ ಡೆನಿಕರ್ ಮನೋರೋಗಿಗಳಿಗೆ ಕೊಟ್ಟರು. ಇಲ್ಲದ ದನಿ ಕೇಳುವವರು, ಎಲ್ಲರ ಮೇಲೂ ಸಂಶಯಪಡುವವರು ಕೆಲವೇ ವಾರಗಳಲ್ಲಿ ಮಾತಿಗೆ ಬರತೊಡಗಿದರು. ಭಾರತದ ಆಸ್ಪತ್ರೆಗಳಿಗೂ ಅದು ಆ ದಶಕದಲ್ಲೇ ಬಂತು. ವರ್ಷಗಟ್ಟಲೆ ಒಳಗಿದ್ದವರನ್ನು ಮನೆಗೆ ಕಳಿಸುವುದು ಸಾಧ್ಯವಾಯಿತು. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು; 1974ರ ಕೊನೆಯಲ್ಲಿ ಅದು ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು. 1956ರ ಏಕೀಕರಣದಲ್ಲಿ ಧಾರವಾಡದ ಆಸ್ಪತ್ರೆಯೂ ಮೈಸೂರು ರಾಜ್ಯದ ಪಾಲಿಗೆ ಬಂತು.

ಆದರೆ ಮನೆಗೆ ಮರಳಿದ ರೋಗಿ ಹಳ್ಳಿಯವರ ಕಣ್ಣಿಗೆ ಕಂಡದ್ದು ಹೇಗೆ? ಗಲಾಟೆ ನಿಂತಿತ್ತು, ನಿಜ. ಅದರ ಜೊತೆಗೆ ಕೈ ನಡುಗುತ್ತಿತ್ತು, ಮೈ ಬಿಗಿದಿತ್ತು, ಬಾಯಿಯಿಂದ ಜೊಲ್ಲು ಸುರಿಯುತ್ತಿತ್ತು, ನಡಿಗೆಯಲ್ಲಿ ಜೀವವಿರಲಿಲ್ಲ. ವರ್ಷಗಟ್ಟಲೆ ತೆಗೆದುಕೊಂಡ ಕೆಲವರಲ್ಲಿ ತುಟಿ, ನಾಲಿಗೆ ತಾವಾಗಿ ಅಲುಗಾಡುವ ತೊಂದರೆ ಉಳಿದುಬಿಟ್ಟಿತು. ಇವು ಕಾಯಿಲೆಯವಲ್ಲ, ಔಷಧದವು ಎಂಬುದನ್ನು ಮನೆಯವರು ಡಾಕ್ಟರರಿಗಿಂತ ಮೊದಲೇ ಗುರುತಿಸುತ್ತಿದ್ದರು. ತಿಂಗಳ ಗುಳಿಗೆ ಮುಗಿದ ಮೇಲೆ ಮತ್ತೆ ಧಾರವಾಡಕ್ಕೆ ಹೋಗಬೇಕು. ಬಿತ್ತನೆಯ ದಿನಗಳಲ್ಲಿ, ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಒಬ್ಬರು ಕೂಲಿ ಬಿಟ್ಟು, ಬಸ್ಸಿನ ಖರ್ಚು ಹೊಂದಿಸಿ ರೋಗಿಯ ಜೊತೆ ಹೋಗುವುದು ಬಡವರ ಮನೆಯಲ್ಲಿ ಆಗದ ಮಾತು. ಗುಳಿಗೆ ತಪ್ಪುತ್ತಿತ್ತು. ಕೆಲವು ವಾರ ಏನೂ ಆಗುತ್ತಿರಲಿಲ್ಲ. ಗುಣವಾಯಿತು ಎನ್ನುವಷ್ಟರಲ್ಲಿ ಕಾಯಿಲೆ ಮರುಕಳಿಸುತ್ತಿತ್ತು. ಬಿಟ್ಟರೆ ಕೆರಳುತ್ತದೆ ಎಂದಮೇಲೆ ಗುಳಿಗೆಯ ಚಟ ಹತ್ತಿದೆ ಎಂದೇ ಮನೆಯವರು ತಿಳಿದರು. ಮಂಡಲದ ಲೆಕ್ಕದಲ್ಲಿ ಬೆಳೆದವರಿಗೆ ಹಾಗೆ ಅನ್ನಿಸಿದ್ದು ಸಹಜ.

ಚಟ ಎಂಬ ಮಾತಿಗೆ ಈ ಸೀಮೆಯಲ್ಲಿ ತೂಕ ಹೆಚ್ಚು. ಸೆರೆ, ತಂಬಾಕು, ಮಟಕಾ ಎಲ್ಲವೂ ಚಟಗಳೇ, ಮತ್ತು ಚಟ ಎಂದರೆ ನಡತೆಯ ದೋಷ. 1975ರಲ್ಲಿ ಇಳಕಲ್ಲಿನ ಮಹಾಂತ ಸ್ವಾಮಿಗಳು ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಿ ಜನರ ಚಟಗಳನ್ನೇ ಭಿಕ್ಷೆಯಾಗಿ ಬೇಡತೊಡಗಿದರು. ಅವರ ಜನ್ಮದಿನವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಮಹಾಂತ ಜೋಳಿಗೆಯಿಂದ ಸಾವಿರಾರು ಮನೆಗಳಿಗೆ ಒಳಿತಾಗಿದೆ. ಆದರೆ ದಿನವೂ ತಪ್ಪದೆ ತೆಗೆದುಕೊಳ್ಳಬೇಕಾದ ಔಷಧಕ್ಕೂ ಅದೇ ಹೆಸರು ಬಿದ್ದಾಗ, ಅದನ್ನು ಬಿಡುವುದೇ ಪುಣ್ಯದ ಕೆಲಸವೆಂಬ ಭಾವನೆ ಬೆಳೆಯಿತು.

ದೂರದ ತೊಡಕನ್ನು ನೀಗಿಸಲು ಕರ್ನಾಟಕದಲ್ಲಿ ನಡೆದ ಪ್ರಯತ್ನ ದೇಶಕ್ಕೇ ಮಾದರಿಯಾಯಿತು. 1975ರಲ್ಲಿ ನಿಮ್ಹಾನ್ಸ್ ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ ಹಳ್ಳಿಗಳ ಮನೋರೋಗ ಚಿಕಿತ್ಸೆಯನ್ನು ಪರೀಕ್ಷಿಸಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರಲ್ಲಿ, ಆಗ ಗದಗ ಸೀಮೆಯ ನೆರೆಯಲ್ಲಿದ್ದ ಬಳ್ಳಾರಿ ಜಿಲ್ಲೆಯಲ್ಲಿ, ಸುಮಾರು 20 ಲಕ್ಷ ಜನರಿಗಾಗಿ ಆರ್. ಶ್ರೀನಿವಾಸಮೂರ್ತಿ, ಮೋಹನ್ ಐಸಾಕ್ ಮುಂತಾದ ನಿಮ್ಹಾನ್ಸ್ ವೈದ್ಯರು ಹೊಸ ಏರ್ಪಾಡು ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಕಾಲದ ತರಬೇತಿ ಕೊಟ್ಟು, ಕ್ಲೋರ್‌ಪ್ರೊಮಜಿನ್, ತಿಂಗಳಿಗೊಮ್ಮೆ ಚುಚ್ಚುವ ಫ್ಲುಫೆನಜಿನ್, ಖಿನ್ನತೆಯ ಗುಳಿಗೆ, ಮೂರ್ಛೆರೋಗದ ಗುಳಿಗೆಗಳನ್ನು ಆ ಕೇಂದ್ರಗಳಲ್ಲೇ ಸಿಗುವಂತೆ ಮಾಡಿದರು. ಬಳ್ಳಾರಿ ಮಾದರಿ ಎಂದು ಹೆಸರಾದ ಇದನ್ನೇ ಅನುಸರಿಸಿ 1996ರಿಂದ ಬೇರೆ ಬೇರೆ ರಾಜ್ಯಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹರಡಿತು. ಸರಪಳಿ ಬಿಗಿದು ಕೋಣೆಯಲ್ಲಿ ಇಟ್ಟಿದ್ದವರನ್ನು ಊರಿನಲ್ಲೇ ನೋಡಿಕೊಳ್ಳಬಹುದೆಂದು ತೋರಿಸಿದ ಕೆಲಸ ಅದು. ಅದರ ಋಣ ದೊಡ್ಡದು.

ಆದರೆ ಕಾರ್ಯಕ್ರಮ ಹರಡುತ್ತ ಹೋದಂತೆ ಅದರಲ್ಲಿ ಗುಳಿಗೆ ಮಾತ್ರ ಉಳಿಯಿತು ಎಂಬ ಟೀಕೆ ಒಳಗಿನವರಿಂದಲೇ ಬಂತು. ಮನೆಯವರಿಗೆ ತಿಳಿಹೇಳುವವರು, ಕೆಲಸಕ್ಕೆ ಮರಳಲು ನೆರವಾಗುವವರು, ಅಡ್ಡಪರಿಣಾಮ ಕಂಡಾಗ ಪ್ರಮಾಣ ಇಳಿಸುವವರು ಎಲ್ಲ ಕಡೆ ಸಿಗಲಿಲ್ಲ. ಉತ್ತರ ಪ್ರದೇಶದಲ್ಲಿ ಈ ಕಾರ್ಯಕ್ರಮವನ್ನು ಹತ್ತಿರದಿಂದ ನೋಡಿದ ಸುಮಿತ್ ಜೈನ್ ಮತ್ತು ಸುಶ್ರುತ ಜಾಧವ್ 2009ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಗುಳಿಗೆಗಳು ನೀತಿಯನ್ನೇ ನುಂಗಿಹಾಕಿವೆ ಎಂಬ ತೀರ್ಮಾನಕ್ಕೆ ಬಂದರು. ಐದು ನಿಮಿಷದ ಭೇಟಿಯಲ್ಲಿ ಕೈಗೆ ಬಂದ ಗುಳಿಗೆಯನ್ನು ರೋಗಿ ಅನುಮಾನಿಸಿದರೆ ಅದರಲ್ಲಿ ಅವನ ತಪ್ಪೇನು?

ಇನ್ನೊಂದು ಗುಳಿಗೆ ಯಾವ ಕಾರ್ಯಕ್ರಮವೂ ಇಲ್ಲದೆ, ಯಾರ ಅನುಮಾನಕ್ಕೂ ಗುರಿಯಾಗದೆ ಹಳ್ಳಿಗೆ ಬಂತು. ಸ್ವಿಟ್ಜರ್ಲೆಂಡಿನ ರೋಶ್ ಕಂಪನಿಯಲ್ಲಿ ಲಿಯೊ ಸ್ಟರ್ನ್‌ಬಾಖ್ ಕಂಡುಹಿಡಿದ ಲಿಬ್ರಿಯಂ 1960ರಲ್ಲೂ ವ್ಯಾಲಿಯಂ 1963ರಲ್ಲೂ ಮಾರುಕಟ್ಟೆಗೆ ಬಂದವು. ವ್ಯಾಲಿಯಂ ಎಂದರೆ ಡಯಜಿಪಾಮ್. 1960ರ ದಶಕದ ಕೊನೆಯಲ್ಲಿ ರ‍್ಯಾನ್‌ಬ್ಯಾಕ್ಸಿ ಕಂಪನಿ ಅದನ್ನೇ ಕಾಂಪೋಸ್ ಎಂಬ ಹೆಸರಿನಲ್ಲಿ ತಂದಿತು. ಆ ಹೆಸರು ಭಾರತದಲ್ಲಿ ನಿದ್ದೆಗುಳಿಗೆಗೇ ಪರ್ಯಾಯವಾಯಿತು. 1970ರ ಪೇಟೆಂಟ್ ಕಾಯ್ದೆ ಔಷಧದ ವಸ್ತುವಿಗೆ ಪೇಟೆಂಟ್ ಇಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ ಎಂದಿತು. ಈ ವ್ಯವಸ್ಥೆ 2005ರ ತನಕ ನಡೆಯಿತು. ಅದರಿಂದ ಬಡವರಿಗೆ ಔಷಧ ಅಗ್ಗವಾಯಿತು, ಅದು ದೇಶದ ದೊಡ್ಡ ಸಾಧನೆ. ಆದರೆ ಒಂದೇ ಔಷಧವನ್ನು ಹತ್ತಾರು ಕಂಪನಿಗಳು ಹತ್ತಾರು ಹೆಸರುಗಳಲ್ಲಿ ಮಾರುವಾಗ, ಪೈಪೋಟಿ ಗುಣದಲ್ಲಿ ನಡೆಯುವುದಕ್ಕಿಂತ ಡಾಕ್ಟರರನ್ನು ಒಲಿಸಿಕೊಳ್ಳುವುದರಲ್ಲಿ ನಡೆಯಿತು.

ಡಯಜಿಪಾಮ್, ಆಲ್ಪ್ರಜೋಲಾಮ್, ಕ್ಲೋನಜಿಪಾಮ್ ಇವೆಲ್ಲ ಒಂದೇ ಕುಲದವು. ಮಿದುಳಿನಲ್ಲಿ ಉದ್ವೇಗ ತಗ್ಗಿಸುವ ಗಾಬಾ ಎಂಬ ಸಹಜ ರಾಸಾಯನಿಕದ ಕೆಲಸವನ್ನು ಇವು ಹೆಚ್ಚಿಸುತ್ತವೆ. ಮೊದಲ ರಾತ್ರಿಯೇ ನಿದ್ದೆ ಬರುತ್ತದೆ, ಎದೆಯ ಡವಡವ ನಿಲ್ಲುತ್ತದೆ. ಕೆಲವೇ ವಾರಗಳಲ್ಲಿ ಮಿದುಳು ಅದಕ್ಕೆ ಹೊಂದಿಕೊಂಡು ತನ್ನ ಸ್ವಂತ ತಡೆಯನ್ನು ಸಡಿಲಿಸುತ್ತದೆ. ಆಗ ಅದೇ ಪ್ರಮಾಣ ಸಾಲುವುದಿಲ್ಲ, ಬಿಟ್ಟರೆ ಮೊದಲಿಗಿಂತ ಹೆಚ್ಚಿನ ತಳಮಳ, ನಿದ್ದೆಗೇಡು, ನಡುಕ. ಥಟ್ಟನೆ ಬಿಟ್ಟವರಿಗೆ ಫಿಟ್ಸ್ ಕೂಡ ಬರಬಹುದು. ಸರಿಯಾದ ಅರ್ಥದಲ್ಲಿ ಅವಲಂಬನೆ ಎಂದರೆ ಇದು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಹೆದರ್ ಆ್ಯಷ್ಟನ್ 1982ರಿಂದ ಹನ್ನೆರಡು ವರ್ಷ ಇಂಥವರಿಗಾಗಿಯೇ ಚಿಕಿತ್ಸಾಲಯ ನಡೆಸಿ, ಪ್ರಮಾಣವನ್ನು ವಾರಗಳಲ್ಲಿ, ತಿಂಗಳುಗಳಲ್ಲಿ ತುಸುತುಸುವಾಗಿ ಇಳಿಸುವ ಕ್ರಮವನ್ನು ಬರೆದಿಟ್ಟರು. ಹಳ್ಳಿಯಲ್ಲಿ ಮೈಕೈ ನೋವು, ನಿದ್ದೆ ಬರುವುದಿಲ್ಲ, ಮನಸ್ಸಿಗೆ ಬೇಸರ ಎಂದು ಹೋದವರಿಗೆ ಈ ಕುಲದ ಒಂದು ಗುಳಿಗೆ ನೋವಿನ ಗುಳಿಗೆಯ ಜೊತೆಗೇ ಸೇರಿ ಬರುತ್ತಿತ್ತು. ಹಳೆಯ ಚೀಟಿ ತೋರಿಸಿದರೆ, ಎಷ್ಟೋ ಕಡೆ ಚೀಟಿ ಇಲ್ಲದೆಯೂ, ಔಷಧದ ಅಂಗಡಿಯಲ್ಲಿ ಮತ್ತೆ ಸಿಗುತ್ತಿತ್ತು.

ಎರಡು ಔಷಧಗಳನ್ನು ಒಂದೇ ಗುಳಿಗೆಯಲ್ಲಿ ಬೆರೆಸುವ ಪದ್ಧತಿ ತೊಡಕನ್ನು ಇನ್ನೂ ಗಂಟುಹಾಕಿತು. ಖಿನ್ನತೆಯ ಔಷಧವಾದ ಎಸ್ಸಿಟಲೋಪ್ರಾಮ್ ಜೊತೆ ಕ್ಲೋನಜಿಪಾಮ್, ಅಮಿಟ್ರಿಪ್ಟಿಲಿನ್ ಜೊತೆ ಕ್ಲೋರ್‌ಡಯಜಿಪಾಕ್ಸೈಡ್ ಸೇರಿಸಿದ ಗುಳಿಗೆಗಳು ನಮ್ಮಲ್ಲಿ ಬಹಳ ಸಾಮಾನ್ಯ. ಇಂಥ ಜೋಡಿಗಳಲ್ಲಿ ಅನೇಕಕ್ಕೆ ಕೇಂದ್ರದ ಒಪ್ಪಿಗೆಯ ದಾಖಲೆಯೇ ಸಿಗುವುದಿಲ್ಲವೆಂದು 2015ರಲ್ಲಿ ಪೆಟ್ರೀಷಿಯಾ ಮೆಗೆಟಿಗನ್ ಮತ್ತು ಸಂಗಡಿಗರು ತೋರಿಸಿದರು. ಜೋಡಿ ಗುಳಿಗೆ ನುಂಗುವವರಿಗೆ ತಾವು ಎರಡು ಔಷಧ ತೆಗೆದುಕೊಳ್ಳುತ್ತಿದ್ದೇವೆಂಬುದೇ ತಿಳಿದಿರುವುದಿಲ್ಲ. ಬಿಟ್ಟಾಗ ಬರುವ ನಡುಕ ಯಾವುದರದ್ದೆಂದು ಹೇಳುವವರೂ ಇಲ್ಲ. ಖಿನ್ನತೆಯ ಔಷಧಗಳನ್ನು ಬಿಡುವಾಗಲೂ ಕೆಲವರಿಗೆ ತೀವ್ರವಾದ, ದೀರ್ಘವಾದ ತೊಂದರೆ ಆಗುತ್ತದೆಂದು ಬ್ರಿಟನ್ನಿನ ಮನೋವೈದ್ಯರ ರಾಯಲ್ ಕಾಲೇಜು ಒಪ್ಪಿಕೊಂಡದ್ದು 2019ರಲ್ಲಿ. ರೋಗಿಗಳು ಅದನ್ನು ಹೇಳುತ್ತ ಬಂದು ಇಪ್ಪತ್ತು ವರ್ಷಕ್ಕೂ ಹೆಚ್ಚಾಗಿತ್ತು.

ಹೀಗಾಗಿ ಈ ಸೀಮೆಯ ಅಪನಂಬಿಕೆ ಹುಟ್ಟಿದ್ದಕ್ಕೆ ಕಾರಣವಿದೆ, ಆದರೆ ಅದು ಎರಗಿದ್ದು ತಪ್ಪು ಗುಳಿಗೆಯ ಮೇಲೆ. ದನಿ ಕೇಳುವ ಕಾಯಿಲೆಯ ಔಷಧಕ್ಕೆ ಅಡ್ಡಪರಿಣಾಮಗಳಿವೆ, ಕೆಲವು ಗಂಭೀರವಾದವು. ಅದಕ್ಕೆ ಹಂಬಲ ಹುಟ್ಟಿಸುವ ಗುಣವಿಲ್ಲ. ಸಕ್ಕರೆ ಕಾಯಿಲೆಯವರು ಔಷಧ ಬಿಟ್ಟರೆ ಸಕ್ಕರೆ ಏರುವಂತೆ, ಅದನ್ನು ಬಿಟ್ಟಾಗ ಬಹುಮಟ್ಟಿಗೆ ಮರಳಿ ಬರುವುದು ಕಾಯಿಲೆ. ಆ ಗುಳಿಗೆಯನ್ನು ಚಟವೆಂದು ಹೆದರಿ ಬಿಡಿಸುವ ಮನೆಯಲ್ಲೇ, ನಿದ್ದೆಗುಳಿಗೆಯನ್ನು ಹಿರಿಯರು ಹತ್ತು ವರ್ಷದಿಂದ ಅಂಜಿಕೆಯಿಲ್ಲದೆ ನುಂಗುತ್ತಿರುತ್ತಾರೆ. ಈ ಅದಲುಬದಲಿನಿಂದ ಆದ ನಷ್ಟ ಸಣ್ಣದಲ್ಲ.

ಕಂಪನಿಗಳ ಮೇಲಿನ ಸಂಶಯಕ್ಕಂತೂ ನ್ಯಾಯಾಲಯದ ದಾಖಲೆಗಳೇ ಆಧಾರ. ಪ್ಯಾರೊಕ್ಸೆಟಿನ್ ಔಷಧ ಹದಿಹರೆಯದವರಿಗೆ ಒಳ್ಳೆಯದೆಂದು 2001ರಲ್ಲಿ ಪ್ರಕಟವಾದ ‘ಅಧ್ಯಯನ 329’ರ ಮೂಲ ಅಂಕಿಗಳನ್ನು 2015ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಪ್ರಯೋಜನ ಕಾಣಲಿಲ್ಲ, ಅಪಾಯ ಕಂಡಿತು. 2009ರಲ್ಲಿ ಓಲಾಂಜಪಿನ್ ಔಷಧವನ್ನು ಒಪ್ಪಿಗೆಯಿಲ್ಲದ ಬಳಕೆಗೆ ಪ್ರಚಾರ ಮಾಡಿದ್ದಕ್ಕೆ ಎಲೈ ಲಿಲ್ಲಿ ಕಂಪನಿ ಅಮೆರಿಕದಲ್ಲಿ 140 ಕೋಟಿ ಡಾಲರಿಗೂ ಹೆಚ್ಚು ತೆತ್ತಿತು. 2012ರಲ್ಲಿ ಗ್ಲಾಕ್ಸೋಸ್ಮಿತ್‌ಕ್ಲೈನ್ 300 ಕೋಟಿ ಡಾಲರ್ ತೆತ್ತಿತು. ಪ್ಯಾರೊಕ್ಸೆಟಿನ್ ಪ್ರಚಾರವೂ ಅದರಲ್ಲಿ ಸೇರಿತ್ತು. ಭಾರತದಲ್ಲಿ 2012ರ ಸಂಸದೀಯ ಸ್ಥಾಯಿ ಸಮಿತಿಯ 59ನೇ ವರದಿ ಡಿಯಾನ್ಸಿಟ್ ಎಂಬ ಜೋಡಿ ಗುಳಿಗೆಯನ್ನು ಹೆಸರಿಸಿ, ತಯಾರಕರ ಸ್ವಂತ ದೇಶವಾದ ಡೆನ್ಮಾರ್ಕಿನಲ್ಲೇ ಇಲ್ಲದ ಔಷಧಕ್ಕೆ ಇಲ್ಲಿ ಒಪ್ಪಿಗೆ ಕೊಟ್ಟದ್ದೇಕೆ ಎಂದು ಕೇಳಿತು. 2013ರ ಜೂನ್‌ನಲ್ಲಿ ಕೇಂದ್ರ ಅದನ್ನು ನಿಷೇಧಿಸಿತು. ಡಾಕ್ಟರರು ಕಂಪನಿಗಳಿಂದ ಉಡುಗೊರೆ, ಪ್ರವಾಸ ಪಡೆಯಬಾರದೆಂದು 2009ರಲ್ಲಿ ವೈದ್ಯಕೀಯ ಮಂಡಳಿ ನಿಯಮ ಮಾಡಿತು. ಅಂಥ ಉಡುಗೊರೆಯ ಖರ್ಚಿಗೆ ಕಂಪನಿಗಳು ಆದಾಯ ತೆರಿಗೆಯಲ್ಲಿ ವಿನಾಯಿತಿ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿತು.

ಈ ಸಂಶಯವನ್ನು ಗಾಳಿಮಾತಾಗಿ ಬಿಡದೆ ವಿಚಾರವಾಗಿ ಬೆಳೆಸಿದ ಕೆಲಸ ಧಾರವಾಡದಲ್ಲೇ ನಡೆದಿದೆ. ಡಾ. ಗೋಪಾಲ ದಾಬಡೆ ಮತ್ತು ಸಂಗಡಿಗರ ಡ್ರಗ್ ಆ್ಯಕ್ಷನ್ ಫೋರಂ–ಕರ್ನಾಟಕ, ಬೇಕಿಲ್ಲದ ಔಷಧ, ಅಪಾಯದ ಜೋಡಿ, ಹೆಸರಿಗೆ ತೆರುವ ಬೆಲೆ ಇವುಗಳ ಕುರಿತು ಜನರಿಗೆ ತಿಳಿಹೇಳುತ್ತ ಬಂದಿದೆ. 1975ರ ಹಾಥಿ ಸಮಿತಿ ದೇಶಕ್ಕೆ ಅಗತ್ಯವಾದ ಔಷಧಗಳು 116 ಎಂದು ಪಟ್ಟಿ ಮಾಡಿತ್ತು. ಅಂಗಡಿಗಳಲ್ಲಿ ಸಾವಿರಾರು ಹೆಸರುಗಳಿದ್ದವು. ಔಷಧವನ್ನು ಬಿಡಿ ಎಂದು ಹೇಳದೆ, ಯಾವ ಔಷಧ, ಏಕೆ, ಎಷ್ಟು ದಿನ ಎಂದು ಕೇಳಿ ಎಂದು ಕಲಿಸಿದ್ದು ಈ ಚಳವಳಿಯ ಹೆಚ್ಚುಗಾರಿಕೆ.

ಕಾನೂನು ನಿಧಾನವಾಗಿ ಹಿಂದೆ ಬಂತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ 1999ರ ವರದಿ ದೇಶದ ಅನೇಕ ಮಾನಸಿಕ ಆಸ್ಪತ್ರೆಗಳು ಇನ್ನೂ ಜೈಲಿನಂತಿವೆ ಎಂದಿತು. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ತನಗೆ ಕೊಡುವ ಔಷಧವೇನು, ಅದರ ಅಡ್ಡಪರಿಣಾಮಗಳೇನು ಎಂದು ತಿಳಿಯುವುದು ರೋಗಿಯ ಹಕ್ಕು ಎಂದಿದೆ. ಅರಿವಳಿಕೆಯಿಲ್ಲದ ವಿದ್ಯುತ್ ಚಿಕಿತ್ಸೆಯನ್ನು ನಿಷೇಧಿಸಿದೆ. ಕರ್ನಾಟಕದ ಮನೋಚೈತನ್ಯ ಯೋಜನೆಯಲ್ಲಿ 2014ರಿಂದ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. 2015ರಲ್ಲಿ ಗದಗಿನಲ್ಲೇ ವೈದ್ಯಕೀಯ ಕಾಲೇಜು ಆರಂಭವಾಗಿದೆ. 2022ರ ಅಕ್ಟೋಬರಿನಿಂದ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿ ಪುಕ್ಕಟೆ ಸಲಹೆ ಸಿಗುತ್ತದೆ. ಗುಳಿಗೆಯನ್ನು ತಾವಾಗಿ ಥಟ್ಟನೆ ನಿಲ್ಲಿಸುವ ಮೊದಲು ಅಲ್ಲಿ ಒಂದು ಮಾತು ಕೇಳುವುದು ಮನೆಯವರು ಮಾಡಬಹುದಾದ ಕೆಲಸ.

ನಿದ್ದೆಗುಳಿಗೆಗಳ ವಿಷಯದಲ್ಲಿ 2014ರ ಮಾರ್ಚ್ 1ರಿಂದ ‘ಎಚ್-1’ ಅನುಸೂಚಿ ಜಾರಿಯಲ್ಲಿದೆ. ಆಲ್ಪ್ರಜೋಲಾಮ್, ಡಯಜಿಪಾಮ್ ಮುಂತಾದವನ್ನು ಮಾರುವ ಅಂಗಡಿಯವರು ಚೀಟಿ ಬರೆದ ಡಾಕ್ಟರರ ಹೆಸರು, ರೋಗಿಯ ಹೆಸರು, ಕೊಟ್ಟ ಔಷಧ ಮತ್ತು ಪ್ರಮಾಣವನ್ನು ಬೇರೊಂದು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಆ ಗುಳಿಗೆಯನ್ನು ಯಾವ ದಿನ ನಿಲ್ಲಿಸಬೇಕೆಂದು ಬರೆಯುವ ಅಂಕಣ ಆ ಪುಸ್ತಕದಲ್ಲಿಲ್ಲ.